ಗಡಿಯಾರ ಯಾವ ತಪ್ಪು ಟೈಮ್ ತೋರಿಸ್ತಿದೆ? ಮನೇಲಿ ಮಾಡಿದ ಆರ್ಡುಯಿನೋ ಅಲಾರಂ ಕೈಕೊಟ್ಟಾಗ ಹುಡುಕೋ ದಾರಿ

ಅಕ್ಕನ ಮಗ ಹೋದ ಬೇಸಿಗೆ ರಜೇಲಿ ನನ್ನ ಜೊತೆ ಕೂತು ಆರ್ಡುಯಿನೋ (ಕಂಪ್ಯೂಟರಿಂದ ಕೋಡ್ ತುಂಬಿ ಓಡಿಸೋ ಸಣ್ಣ ಬೋರ್ಡ್) ಬಳಸಿ ಒಂದು ಅಲಾರಂ ಗಡಿಯಾರ ಮಾಡ್ಕೊಂಡು ಹೋದ, ಚಪ್ಪಲಿ ಡಬ್ಬಿಗೆ ಬ್ಲೇಡಲ್ಲಿ ಕಿಟಕಿ ಕೊರೆದು ಡಿಸ್ಪ್ಲೇ ಅದರೊಳಗೆ ಕೂರಿಸಿ. ಎರಡು ವಾರ ಚೆನ್ನಾಗೇ ಓಡ್ತು. ಆಮೇಲೆ ಒಂದಿನ ಬೆಳಗ್ಗೆ ಫೋನು, "ಮಾಮ, ಇಲ್ಲಿ ಬೆಳಗ್ಗೆ ಏಳು ಗಂಟೆ, ಇದು ರಾತ್ರಿ 9:14 ಅಂತಿದೆ." ಸರಿ ಮಾಡಿಸಿದೆ. ಮತ್ತೆ ಮೂರು ದಿನಕ್ಕೆ ಫೋನು, ಮತ್ತೆ 9:14ರಿಂದ್ಲೇ ಶುರುವಾಗಿದೆ ಅಂತ. ಹಿಂದಿಂದ ಅಕ್ಕ "ದೆವ್ವ ಗಿವ್ವ ಹಿಡಿದಿದ್ಯೇನೋ ಕೇಳೋ ಅವನ್ನ" ಅಂತ ನಗ್ತಿದ್ಲು.

ಆ 9:14 ಯಾವುದು ಅಂತ ಕೆಳಗೆ ಹೇಳ್ತೀನಿ. ಆದ್ರೆ ಅವತ್ತಿಂದ ಯಾರಾದ್ರೂ "ಗಡಿಯಾರ ಕೆಟ್ಟಿದೆ" ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ ಒಂದೇ, ಸರಿಯಾಗಿ ಎಷ್ಟು ತೋರಿಸ್ತಿದೆ, ಯಾವಾಗಿಂದ? 165:165:85 ಅಂತ ಬಂದ್ರೆ ಒಂದು ಕಾಯಿಲೆ, 00:00:00 ಬಂದ್ರೆ ಇನ್ನೊಂದು, ದಿನಾ ಐದು ನಿಮಿಷ ಮುಂದೆ ಓಡ್ತಿದ್ರೆ ಮತ್ತೊಂದು. ಕೈ ಹಾಕೋ ಮುಂಚೆ ಫೋನಲ್ಲಿ ಒಂದು ಫೋಟೋ ತಗೊಳ್ಳಿ, ಡಿಸ್ಪ್ಲೇದು ಒಂದು, ವೈರಿಂಗ್‌ದು ಒಂದು. ವೈರ್ ಕಿತ್ತ ಮೇಲೆ "ಇದು ಎಲ್ಲಿತ್ತು" ಅಂತ ತಲೆ ಕೆರ್ಕೊಳ್ಳೋದು ಆಮೇಲೆ ಇದ್ದಿದ್ದೇ.

ನಾನು ಅಂದ್ಕೊಂಡಿರೋ ಸೆಟಪ್ ಇದು: ಆರ್ಡುಯಿನೋ ನ್ಯಾನೋ ಅಥವಾ ಊನೋ, ಡಿಎಸ್3231 ಅಥವಾ ಡಿಎಸ್1307 ಆರ್‌ಟಿಸಿ ಮಾಡ್ಯೂಲ್ (ಟೈಮ್ ಲೆಕ್ಕ ಇಡೋದು ಇದೇ, ಹಿಂದೆ ಒಂದು ಬಟನ್ ಶೆಲ್ ಇರತ್ತೆ), 16×2 ಎಲ್‌ಸಿಡಿ ಹಿಂದೆ ಐ2ಸಿ (ಎರಡೇ ತಂತೀಲಿ ಮಾತಾಡೋ ವಿಧಾನ) ಬೋರ್ಡ್ ಅಂಟಿರೋದು, ಎರಡು ಮೂರು ಬಟನ್, ಒಂದು ಬಝರ್, ಎಲ್ಲ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಸಿಗಿಸೋ ತೂತಿನ ಹಲಗೆ) ಮೇಲೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕಿಟ್ ತಂದ್ರೂ ಆನ್‌ಲೈನ್‌ನಲ್ಲಿ ತರಿಸಿದ್ರೂ ಹೆಚ್ಚುಕಮ್ಮಿ ಇದೇ ಸಾಮಾನು ಬರೋದು. ಒಂದು ಸಾದಾ ಮಲ್ಟಿಮೀಟರ್ ಇದ್ರೆ ಒಳ್ಳೇದು, ಹಳದಿ ಬಣ್ಣದ ಅಗ್ಗದ್ದೇ ಸಾಕು.

ಶುರು ಮಾಡೋ ಮುಂಚೆ ಮೂರು ಎಚ್ಚರಿಕೆ. ಈ ಗಡಿಯಾರಕ್ಕೆ 5 ವೋಲ್ಟ್ ಸಾಕು, ಅದು ಒಳ್ಳೇ ಮೊಬೈಲ್ ಚಾರ್ಜರಿಂದ ಬರಲಿ. 230 ವೋಲ್ಟಿಂದ ನಾನೇ ಸಪ್ಲೈ ಮಾಡ್ತೀನಿ ಅಂತ ಟ್ರಾನ್ಸ್‌ಫಾರ್ಮರ್ ತಂದು ಕೂರೋದು, ಕೆಟ್ಟ ಚಾರ್ಜರ್ ಬಿಚ್ಚಿ ರಿಪೇರಿ ಮಾಡೋದು, ಇವೆರಡೂ ಬೇಡವೇ ಬೇಡ. ಎರಡನೇದು ವೈರ್ ಬದಲಾಯಿಸುವಾಗೆಲ್ಲ ಯುಎಸ್‌ಬಿ ಕಿತ್ತಿಟ್ಟೇ ಬದಲಾಯಿಸಿ. ಮೂರನೇದು ಬಟನ್ ಶೆಲ್. ಮನೇಲಿ ಚಿಕ್ಕ ಮಕ್ಕಳಿದ್ರೆ ಅದನ್ನ ಮೇಜಿನ ಮೇಲೆ ಬಿಡಬೇಡಿ, ನುಂಗಿದ್ರೆ ಕೆಲವೇ ಗಂಟೇಲಿ ಅನ್ನನಾಳ ಸುಡತ್ತೆ. ನುಂಗಿರಬಹುದು ಅಂತ ಬರೀ ಅನುಮಾನ ಬಂದ್ರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಏನೂ ಹತ್ತುತ್ತಿಲ್ಲ

ಬೋರ್ಡ್ ಮೇಲಿನ ಸಣ್ಣ ಪವರ್ ಲೈಟ್ ನೋಡಿ. ಅದೂ ಇಲ್ಲ ಅಂದ್ರೆ ಕೇಬಲ್ ಬದಲಾಯಿಸಿ, ಆಮೇಲೆ ಚಾರ್ಜರ್, ಆಮೇಲೆ ಪ್ಲಗ್ ಪಾಯಿಂಟ್. ನಗಬೇಡಿ, ನನ್ನ ಹತ್ರ ಬಂದ "ಸತ್ತ" ಬೋರ್ಡುಗಳಲ್ಲಿ ಸುಮಾರು ಕೇಬಲ್ ಕಾಯಿಲೆಯವೇ. ಕೇಬಲ್ ಬದಲಾಯಿಸಿದ್ರೂ ಇಲ್ಲ ಅಂದ್ರೆ ಬೋರ್ಡಿಂದ ಎಲ್ಲಾ ವೈರ್ ತೆಗೆದು ಬರೀ ಬೋರ್ಡನ್ನ ಕನೆಕ್ಟ್ ಮಾಡಿ. ಈಗ ಲೈಟ್ ಬಂತಾ? ಹಂಗಾದ್ರೆ ನಿಮ್ಮ ವೈರಿಂಗಲ್ಲಿ ಎಲ್ಲೋ 5 ವೋಲ್ಟೂ ಗ್ರೌಂಡೂ (ಮೈನಸ್) ಮುಟ್ಟಾಡ್ತಿದೆ. ಒಂದೊಂದೇ ಮಾಡ್ಯೂಲ್ ವಾಪಸ್ ಸೇರಿಸ್ತಾ ಹೋಗಿ, ಯಾವುದು ಸೇರಿಸಿದಾಗ ಲೈಟ್ ಆರತ್ತೋ ಕಳ್ಳ ಅಲ್ಲೇ ಇದಾನೆ.

ಚಿಪ್ ಮೇಲೆ ಬೆರಳಿಟ್ಟು ನೋಡಿ, ಉಗುರುಬೆಚ್ಚಗೆ ಇದ್ರೆ ಪರವಾಗಿಲ್ಲ. ಬೆರಳು ಇಡಕ್ಕಾಗದಷ್ಟು ಸುಡ್ತಿದ್ರೆ ಅಥವಾ ಸುಟ್ಟ ವಾಸನೆ ಬಂದ್ರೆ ತಕ್ಷಣ ಕಿತ್ತುಬಿಡಿ. ಪ್ಲಸ್ ಮೈನಸ್ ಉಲ್ಟಾ ಕೊಟ್ಟಿರೋ ಚಾನ್ಸ್ ಜಾಸ್ತಿ. "ಇನ್ನೊಂದ್ಸಲ ಹಾಕಿ ನೋಡೋಣ" ಅನ್ನೋ ಆಸೆ ಬೇಡ, ಆ ಎರಡನೇ ಸಲದಲ್ಲೇ ಉಳಿದಿರೋ ಮಾಡ್ಯೂಲೂ ಹೋಗೋದು.

ಬೋರ್ಡ್ ಲೈಟ್ ಇದೆ, ಡಿಸ್ಪ್ಲೇಗೆ ಮಾತ್ರ ಪವರ್ ಇಲ್ಲ ಅಂದ್ರೆ ಬ್ರೆಡ್‌ಬೋರ್ಡ್ ಅಂಚಿನ ಕೆಂಪು-ನೀಲಿ ಗೆರೆ ನೋಡಿ. ಉದ್ದದ ಬ್ರೆಡ್‌ಬೋರ್ಡಲ್ಲಿ ಕೆಲವಕ್ಕೆ ಆ ಗೆರೆ ನಡೂಮಧ್ಯೆ ಕಟ್ ಆಗಿರತ್ತೆ, ಒಳಗಿನ ತಗಡೂ ಅಲ್ಲಿಗೇ ನಿಂತಿರತ್ತೆ. ಈ ಅರ್ಧದಲ್ಲಿ 5 ವೋಲ್ಟ್, ಆ ಅರ್ಧದಲ್ಲಿ ಸೊನ್ನೆ. ಒಂದು ಸಣ್ಣ ವೈರಲ್ಲಿ ಎರಡೂ ಅರ್ಧ ಜೋಡಿಸಿದ್ರೆ ಮುಗೀತು.

ಇನ್ನೊಂದು ತಮಾಷೆ, ಪವರ್ ಬ್ಯಾಂಕಿಗೆ ಹಾಕಿದ್ರೆ ಸ್ವಲ್ಪ ಹೊತ್ತು ಓಡಿ ತಾನೇ ಆಫ್ ಆಗೋದು. ಗಡಿಯಾರದಲ್ಲಿ ತೊಂದರೆ ಇಲ್ಲ. ಅದು ಎಳಿಯೋ ಕರೆಂಟ್ ಎಷ್ಟು ಕಮ್ಮಿ ಅಂದ್ರೆ ಪವರ್ ಬ್ಯಾಂಕು "ಯಾರೂ ಇಲ್ಲ" ಅಂದ್ಕೊಂಡು ಮಲಗಿಬಿಡತ್ತೆ. ಚಾರ್ಜರ್ ಬಳಸಿ.

ಹಾಗೇ 5 ವೋಲ್ಟನ್ನ "ವಿನ್" ಪಿನ್ನಿಗೆ ಕೊಟ್ಟವರೂ ಇದ್ದಾರೆ. ಅದು 7ರಿಂದ 12 ವೋಲ್ಟ್ ಕೊಡೋ ಜಾಗ, ಅಲ್ಲಿ 5 ಕೊಟ್ರೆ ಒಳಗಿನ ರೆಗ್ಯುಲೇಟರ್ ತನ್ನ ಪಾಲು ತಿಂದು 4ರ ಆಸುಪಾಸು ಉಳಿಸತ್ತೆ, ಲೈಟ್ ಹತ್ತತ್ತೆ ಆದ್ರೆ ಎಲ್ಲಾ ಅರೆಜೀವ. ಮೀಟರಲ್ಲಿ 5ವಿ ಪಿನ್ನೂ ಗ್ರೌಂಡೂ ಅಳೆದು ನೋಡಿ. ಯುಎಸ್‌ಬಿಯಿಂದ ಓಡೋ ನ್ಯಾನೋದಲ್ಲಿ 4.7ರ ಹತ್ರ ತೋರಿಸಿದ್ರೂ ಗಾಬರಿ ಬೇಡ, ಒಳಗಿನ ಡಯೋಡ್ ಅಷ್ಟು ಇಟ್ಕೊಳ್ಳತ್ತೆ. 4.5ಕ್ಕಿಂತ ಕೆಳಗೆ ಇಳಿದ್ರೆ ಮಾತ್ರ ಕೇಬಲ್ ಚಾರ್ಜರ್ ಮೇಲೆ ಅನುಮಾನ ಪಡಿ.

ಕೋಡ್ ಅಪ್‌ಲೋಡ್ ಆಗ್ತಿಲ್ಲ

ಕಂಪ್ಯೂಟರಲ್ಲಿ ಪೋರ್ಟ್ ಹೆಸರೇ ಬರ್ತಿಲ್ಲ ಅಂದ್ರೆ ಮೊದಲು ಮತ್ತೆ ಕೇಬಲ್ಲೇ. ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್ ಜೊತೆ ಬರೋ ಸುಮಾರು ಕೇಬಲ್ ಬರೀ ಚಾರ್ಜಿಂಗ್‌ಗೆ, ಡೇಟಾ ತಂತಿನೇ ಇರಲ್ಲ ಒಳಗೆ. ಕೇಬಲ್ ಸರಿ ಇದ್ದೂ ಬರ್ತಿಲ್ಲ ಅಂದ್ರೆ ಸಿಎಚ್340 ಡ್ರೈವರ್ ಹಾಕಿ, ಅಗ್ಗದ ನ್ಯಾನೋಗಳಲ್ಲಿ ಯುಎಸ್‌ಬಿಗೆ ಇರೋದು ಆ ಚಿಪ್ಪೇ.

ಪೋರ್ಟ್ ಬರ್ತಿದೆ, ಆದ್ರೆ ಅಪ್‌ಲೋಡ್ ಮಾಡಿದ್ರೆ ಕೆಂಪಕ್ಷರದಲ್ಲಿ "ನಾಟ್ ರೆಸ್ಪಾಂಡಿಂಗ್" ಅಂತ ಹತ್ತು ಸಲ ಬರ್ತಿದೆ ಅಂದ್ರೆ ಕೋಡ್ ಬರೆಯೋ ಆರ್ಡುಯಿನೋ ಸಾಫ್ಟ್‌ವೇರಿನ ಟೂಲ್ಸ್ ಮೆನುವಲ್ಲಿ ಪ್ರೊಸೆಸರ್ ಅಂತ ಇರತ್ತೆ, ಅಲ್ಲಿ "ಓಲ್ಡ್ ಬೂಟ್‌ಲೋಡರ್" ಇರೋದನ್ನ ಆರಿಸಿ (ಬೂಟ್‌ಲೋಡರ್ ಅಂದ್ರೆ ಹೊಸ ಕೋಡನ್ನ ಚಿಪ್ಪೊಳಗೆ ತಗೊಳ್ಳೋ ಪುಟ್ಟ ಪ್ರೋಗ್ರಾಂ). ನ್ಯಾನೋ ತಗೊಂಡವರಲ್ಲಿ ಅರ್ಧ ಜನಕ್ಕೆ ಇಲ್ಲಿಗೇ ಮುಗಿಯತ್ತೆ. ಆಮೇಲೂ ಆಗ್ಲಿಲ್ಲ ಅಂದ್ರೆ 0 ಮತ್ತು 1ನೇ ಪಿನ್ನಲ್ಲಿ ಏನಾದ್ರೂ ಸಿಗಿಸಿದೀರಾ ನೋಡಿ, ಕಂಪ್ಯೂಟರ್ ಜೊತೆ ಮಾತಾಡಕ್ಕೆ ಇರೋ ಪಿನ್ ಅವು, ಬಟನ್ ಬಝರ್ ಅಲ್ಲಿ ಬೇಡ.

ಡಿಸ್ಪ್ಲೇ ಬೆಳಗ್ತಿದೆ, ಅಕ್ಷರ ಇಲ್ಲ

ಡಿಸ್ಪ್ಲೇ ಹಿಂದೆ ನೀಲಿ ಬಣ್ಣದ ಸಣ್ಣ ಚೌಕ, ಅದರ ಮೇಲೆ ಪ್ಲಸ್ ಗುರುತಿನ ಸ್ಕ್ರೂ ಇರತ್ತೆ. ಸಣ್ಣ ಸ್ಕ್ರೂಡ್ರೈವರಲ್ಲಿ ಅದನ್ನ ನಿಧಾನಕ್ಕೆ ಎರಡೂ ಕಡೆ ತಿರುಗಿಸಿ. ಕಾಂಟ್ರಾಸ್ಟ್ ಅದು. ಕೋಡ್ ಪೂರ್ತಿ ಸರಿ ಇದ್ದು, ಈ ಸ್ಕ್ರೂ ಒಂದು ಕಾಲು ಸುತ್ತು ತಿರುಗಿಸದೆ ಇಡೀ ರಾತ್ರಿ ಕೋಡ್ ತಿದ್ದಿದ ಮಹಾನುಭಾವರಲ್ಲಿ ನಾನೂ ಒಬ್ಬ.

ಸ್ಕ್ರೂ ತಿರುಗಿಸಿದಾಗ ಮೇಲಿನ ಸಾಲಲ್ಲಿ 16 ಕಪ್ಪು ಚೌಕ ಮಾತ್ರ ಬಂದು ನಿಂತ್ರೆ ಅರ್ಥ ಏನು ಅಂದ್ರೆ ಡಿಸ್ಪ್ಲೇಗೆ ಪವರ್ ಇದೆ, ಆದ್ರೆ ಯಾರೂ ಅದರ ಜೊತೆ ಮಾತಾಡಿಲ್ಲ. ಐ2ಸಿಯ ಎರಡು ತಂತೀಲಿ ಎಸ್‌ಡಿಎ ಅನ್ನೋದು ಆರ್ಡುಯಿನೋದ ಎ4 ಪಿನ್ನಿಗೆ, ಎಸ್‌ಸಿಎಲ್ ಅನ್ನೋದು ಎ5ಗೆ ಹೋಗಿದ್ಯಾ ನೋಡಿ, ಉಲ್ಟಾ ಆದ್ರೂ ಏನೂ ಸುಡಲ್ಲ, ಸುಮ್ನೆ ಕೆಲಸ ಮಾಡಲ್ಲ ಅಷ್ಟೆ. ಅದು ಸರಿ ಇದ್ರೆ ಅಡ್ರೆಸ್ ನೋಡಿ, ಅಂದ್ರೆ ಆ ತಂತೀಲಿ ಡಿಸ್ಪ್ಲೇನ ಕರೆಯೋ ನಂಬರ್. ಈ ಐ2ಸಿ ಬೋರ್ಡುಗಳಿಗೆ ಸಾಮಾನ್ಯವಾಗಿ 0ಎಕ್ಸ್27 ಇಲ್ಲಾ 0ಎಕ್ಸ್3ಎಫ್ ಅಂತ ಎರಡರಲ್ಲಿ ಒಂದು ಅಡ್ರೆಸ್ ಇರತ್ತೆ, ಮೇಲಿರೋ ಚಿಪ್ ಪಿಸಿಎಫ್8574ಟಿನಾ 8574ಎಟಿನಾ ಅನ್ನೋದರ ಮೇಲೆ. ಕೋಡಲ್ಲಿ ಒಂದಿದ್ದು ಬೋರ್ಡಲ್ಲಿ ಇನ್ನೊಂದಿದ್ರೆ ಕಪ್ಪು ಚೌಕನೇ ಗತಿ.

ಊಹೆ ಮಾಡ್ತಾ ಕೂರೋ ಬದಲು ಐ2ಸಿ ಸ್ಕ್ಯಾನರ್ ಅನ್ನೋ ಸಣ್ಣ ಪ್ರೋಗ್ರಾಂ ಓಡಿಸಿ. ಎಲ್ಲಾ ಸರಿ ಇದ್ರೆ ಸೀರಿಯಲ್ ಮಾನಿಟರಲ್ಲಿ (ಬೋರ್ಡ್ ಕಳಿಸಿದ್ದನ್ನ ಕಂಪ್ಯೂಟರಲ್ಲಿ ತೋರಿಸೋ ಕಿಟಕಿ) ಡಿಸ್ಪ್ಲೇದು ಒಂದು, ಆರ್‌ಟಿಸಿದು 0ಎಕ್ಸ್68, ಜೊತೆಗೆ ಮಾಡ್ಯೂಲ್ ಮೇಲಿನ ಮೆಮೊರಿ ಚಿಪ್‌ದು (ಡಿಎಸ್3231 ಮಾಡ್ಯೂಲಲ್ಲಿ ಸಾಮಾನ್ಯವಾಗಿ 0ಎಕ್ಸ್57) ಕಾಣ್ಬೇಕು. ಯಾವುದು ಕಾಣ್ತಿಲ್ವೋ ಅದರ ವೈರ್ ನೋಡಿ. ಒಂದೂ ಕಾಣ್ತಿಲ್ಲ ಅಂದ್ರೆ ಎಲ್ಲರಿಗೂ ಸೇರಿದ ಎ4, ಎ5, ಗ್ರೌಂಡ್ ಕಡೆ ನೋಡಿ. ಈ ಸ್ಕ್ಯಾನರ್ ಕೆಳಗೂ ಬೇಕಾಗತ್ತೆ, ಉಳಿಸಿಟ್ಕೊಳ್ಳಿ.

ಒಂದು ಮಾತು, ಮಾಡ್ಯೂಲ್ ಜೊತೆ ಪಿನ್ ಸಾಲು ಬೇರೆ ಬಂದಿದ್ದು ನೀವು ಅದನ್ನ ಬರೀ ತೂತಿಗೆ ಸಿಗಿಸಿ ಇಟ್ಟಿದ್ರೆ ಅದು ಕನೆಕ್ಷನ್ ಅಲ್ಲ. ಬೆಸುಗೆ ಹಾಕಲೇಬೇಕು. ಬೆರಳಲ್ಲಿ ಒತ್ತಿದಾಗ ಅಕ್ಷರ ಬಂದು ಬಿಟ್ಟಾಗ ಹೋಗ್ತಿದ್ರೆ ಇದೇ ಕಾರಣ. ಬೆಸುಗೆ ಬರಲ್ಲ ಅಂದ್ರೆ ಮೊಬೈಲ್ ರಿಪೇರಿ ಅಂಗಡೀಲಿ ಕೇಳಿ, ಐದು ನಿಮಿಷದ ಕೆಲಸ. ನೀವೇ ಹಾಕೋದಾದ್ರೆ ಕಿಟಕಿ ತೆಗೆದಿಟ್ಟು ಹಾಕಿ, ಆಮೇಲೆ ಕೈ ತೊಳ್ಕೊಂಡೇ ಊಟಕ್ಕೆ ಕೂರಿ, ಬೆಸುಗೆ ತಂತೀಲಿ ಸಾಮಾನ್ಯವಾಗಿ ಸೀಸ ಇರತ್ತೆ.

ಟೈಮ್ ಬರ್ತಿದೆ, ಆದ್ರೆ ಹುಚ್ಚುಹುಚ್ಚಾಗಿ

165:165:85 ಅಂತ ಬಂದ್ರೆ ಆರ್ಡುಯಿನೋಗೆ ಆರ್‌ಟಿಸಿಯಿಂದ ಉತ್ತರನೇ ಬಂದಿಲ್ಲ. ಉತ್ತರ ಇಲ್ಲದಾಗ ಲೈನಲ್ಲಿ ಬರೀ ಒಂದುಗಳು ಕಾಣತ್ತೆ, ಅಂದ್ರೆ 255, ಅದನ್ನ ಲೈಬ್ರರಿ (ನಿಮ್ಮ ಕೋಡ್ ಬಳಸೋ ಸಿದ್ಧ ಕೋಡು) ಗಂಟೆ-ನಿಮಿಷದ ಲೆಕ್ಕಕ್ಕೆ ಬದಲಾಯಿಸಕ್ಕೆ ಹೋದ್ರೆ 165 ಆಗತ್ತೆ. ಆರ್‌ಟಿಸಿ ಚಿಪ್ ಕೆಟ್ಟಿದೆ ಅಂತ ಹೊಸದು ಆರ್ಡರ್ ಮಾಡೋ ಮುಂಚೆ ನಾಲ್ಕೂ ವೈರ್ ಕಿತ್ತು ಹೊಸ ವೈರ್ ಹಾಕಿ. ಅಗ್ಗದ ಜಂಪರ್ ವೈರ್ ಹೊರಗೆ ಫಸ್ಟ್‌ಕ್ಲಾಸಾಗಿದ್ದು ಒಳಗೆ ತುಂಡಾಗಿರತ್ತೆ, ಮೀಟರನ್ನ ಬೀಪ್ ಮೋಡಲ್ಲಿಟ್ಟು ವೈರ್ ಅಲ್ಲಾಡಿಸ್ತಾ ನೋಡಿದ್ರೆ ಗೊತ್ತಾಗತ್ತೆ. ಸ್ಕ್ಯಾನರಲ್ಲಿ 57 ಕಂಡು 68 ಕಾಣ್ತಿಲ್ಲ ಅಂದ್ರೆ ಮಾತ್ರ ವೈರ್ ಸರಿ, ಚಿಪ್ಪೇ ಹೋಗಿದೆ ಅನ್ನಬಹುದು.

00:00:00ರಲ್ಲಿ ನಿಂತು ಅಲ್ಲಾಡ್ತಾನೇ ಇಲ್ಲ, ಮಾಡ್ಯೂಲ್ ಡಿಎಸ್1307 ಅಂದ್ರೆ ಕೆಟ್ಟಿಲ್ಲ, ಮಲಗಿದೆ. ಆ ಚಿಪ್ಪು ಮೊದಲ ಸಲ ಪವರ್ ಬಂದಾಗ ಗಡಿಯಾರ ನಿಲ್ಲಿಸ್ಕೊಂಡೇ ಎದ್ದೇಳತ್ತೆ, ಒಂದ್ಸಲ ಟೈಮ್ ಸೆಟ್ ಮಾಡಿದ್ರೆ ಮಾತ್ರ ಓಡಕ್ಕೆ ಶುರು. ಡಿಎಸ್3231 ಆದ್ರೆ ಸೊನ್ನೆಯಿಂದ ಶುರುವಾದ್ರೂ ಓಡ್ತಾ ಹೋಗತ್ತೆ, ವರ್ಷ 2000 ಅಂತ ತೋರಿಸ್ತಾ.

ಇನ್ನು ನನಗೆ ತುಂಬಾ ಇಷ್ಟವಾದ ಕಾಯಿಲೆ: ಸೆಕೆಂಡು 57, 58, 59 ಆದಮೇಲೆ 09, 19, 29, 39 ಅಂತ ಹಾರಿ 99 ತನಕ ಹೋಗಿ, ಆಮೇಲೆ 10, 11, 12 ಅಂತ ಸಭ್ಯವಾಗಿ ನಡಿಯೋದು. ನೋಡಿದವರು ಆರ್‌ಟಿಸಿಗೆ ಜ್ವರ ಬಂದಿದೆ ಅಂತಾರೆ. ಆಗ್ತಿರೋದು ಏನು ಅಂದ್ರೆ 59 ಅಂತ ಬರೆದಿದ್ದ ಜಾಗದಲ್ಲಿ ಕೋಡು "0" ಅಂತ ಒಂದೇ ಅಕ್ಷರ ಬರೀತು, 5 ಅಳಿಸಿಹೋಯ್ತು, ಪಕ್ಕದ 9 ಹಂಗೇ ಉಳೀತು. ಆಮೇಲೆ "1" ಬರೆದ್ರೆ 19, "2" ಬರೆದ್ರೆ 29. ಹತ್ತಕ್ಕಿಂತ ಕಮ್ಮಿ ಇದ್ರೆ ಮುಂದೆ ಒಂದು ಸೊನ್ನೆ ಪ್ರಿಂಟ್ ಮಾಡು ಅಂತ ಒಂದು ಸಾಲು ಸೇರಿಸಿದ್ರೆ ಜ್ವರ ಬಿಡತ್ತೆ. ಸ್ಕ್ರೀನ್ ಪೂರ್ತಿ ಕ್ಲಿಯರ್ ಮಾಡಿ ಬರೆದ್ರೂ ಸರಿಹೋಗತ್ತೆ, ಆದ್ರೆ ಡಿಸ್ಪ್ಲೇ ಮಿಣಮಿಣ ಅನ್ನತ್ತೆ.

ಕರೆಂಟ್ ಹೋಗಿ ಬಂದ್ರೆ ಟೈಮ್ ತಪ್ಪು

ಈಗ 9:14ಕ್ಕೆ ಬರೋಣ. ಹುಡುಗನ ಗಡಿಯಾರ ಕರೆಂಟ್ ಹೋಗಿ ಬಂದಾಗಲೆಲ್ಲ ರಾತ್ರಿ 9:14ರಿಂದ ಶುರುವಾಗ್ತಿತ್ತು. "ನೀನು ಕೊನೇ ಸಲ ಕೋಡ್ ಹಾಕಿದ್ದು ಯಾವಾಗ ನೆನಪಿದ್ಯಾ?" ಅಂದೆ. ಸ್ವಲ್ಪ ಯೋಚನೆ ಮಾಡಿ "ರಾತ್ರಿ ಊಟ ಆದ್ಮೇಲೆ ಮಾಮ, ಒಂಬತ್ತು, ಒಂಬತ್ತೂಕಾಲು..." ಅಂದ, ಅಲ್ಲಿಗೇ ನಿಲ್ಲಿಸಿ ತಾನೇ "ಓ" ಅಂದ.

ಉದಾಹರಣೆ ಕೋಡುಗಳಲ್ಲಿ ಸೆಟಪ್ ಅನ್ನೋ ಭಾಗದಲ್ಲಿ ಆರ್‌ಟಿಸಿ ಅಡ್ಜಸ್ಟ್ ಅಂತ ಒಂದು ಸಾಲಿರತ್ತೆ, ಕಂಪ್ಯೂಟರಲ್ಲಿ ಕೋಡ್ ಕಂಪೈಲ್ ಆದ (ಚಿಪ್ಪಿಗೆ ಅರ್ಥವಾಗೋ ರೂಪಕ್ಕೆ ಬದಲಾದ) ಕ್ಷಣದ ತಾರೀಕು-ಟೈಮನ್ನ ಆರ್‌ಟಿಸಿಗೆ ತುಂಬೋ ಸಾಲು. ಆ ಟೈಮ್ ಕೋಡೊಳಗೇ ಅಚ್ಚಾಗಿ ಕೂತಿರತ್ತೆ. ಬೋರ್ಡ್ ಪ್ರತಿ ಸಲ ಆನ್ ಆದಾಗಲೂ ಸೆಟಪ್ ಓಡತ್ತೆ, ಪ್ರತಿ ಸಲನೂ ಪಾಪ ಸರಿಯಾಗಿ ಓಡ್ತಿದ್ದ ಆರ್‌ಟಿಸಿನ ಹಿಡಿದು ಆ ಹಳೇ ಟೈಮಿಗೆ ಎಳೆದು ತರತ್ತೆ. ಪರೀಕ್ಷೆ ಸುಲಭ, ರೀಸೆಟ್ ಬಟನ್ ಎರಡು ಮೂರು ಸಲ ಒತ್ತಿ. ಪ್ರತಿ ಸಲ ಅದೇ ಟೈಮಿಗೆ ಹಾರಿದ್ರೆ ಇದೇ. ಪರಿಹಾರ: ಒಂದ್ಸಲ ಅಪ್‌ಲೋಡ್ ಮಾಡಿ ಟೈಮ್ ಸೆಟ್ ಮಾಡಿ, ಆಮೇಲೆ ಆ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ ಕಾಮೆಂಟ್ ಮಾಡಿ ಇನ್ನೊಂದ್ಸಲ ಅಪ್‌ಲೋಡ್ ಮಾಡಿ. ಎರಡನೇ ಅಪ್‌ಲೋಡ್ ಮರೆತವರೇ ಜಾಸ್ತಿ. ಡಿಎಸ್3231 ಆದ್ರೆ ಇನ್ನೂ ಒಳ್ಳೇದು ಅಂದ್ರೆ "ಲಾಸ್ಟ್ ಪವರ್" ಅನ್ನೋ ಚೆಕ್ ಒಳಗೆ ಆ ಸಾಲನ್ನ ಇಡೋದು, ಆಗ ಆರ್‌ಟಿಸಿ ನಿಜವಾಗ್ಲೂ ಲೆಕ್ಕ ತಪ್ಪಿದಾಗ ಮಾತ್ರ ಅದು ಓಡತ್ತೆ.

ಹೀಗೆ ಸೆಟ್ ಮಾಡಿದ ಗಡಿಯಾರ ಹತ್ತು ಇಪ್ಪತ್ತು ಸೆಕೆಂಡ್ ಹಿಂದೆ ಇರೋದು ಸಹಜ, ಕಂಪೈಲ್ ಆಗಿ ಬೋರ್ಡಿಗೆ ಹೋಗಿ ಸೇರೋ ಹೊತ್ತದು. ತಲೆ ಕೆಡಿಸ್ಕೋಬೇಡಿ, ಬಟನಲ್ಲಿ ತಿದ್ದಿ.

ರೀಸೆಟ್ ಒತ್ತಿದ್ರೆ ಟೈಮ್ ಸರಿ ಇರತ್ತೆ, ಆದ್ರೆ ಪೂರ್ತಿ ಪವರ್ ಕಿತ್ತು ಐದು ನಿಮಿಷ ಬಿಟ್ಟು ಹಾಕಿದ್ರೆ 2000ನೇ ಇಸವಿಗೆ ಹೋಗತ್ತೆ ಅಂದ್ರೆ ಆಗ ಬಟನ್ ಶೆಲ್ ನೋಡಿ. ಪ್ಲಸ್ ಮೇಲ್ಮುಖ ಇದ್ಯಾ, ಕೆಳಗೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಕೊಂಡಿದ್ಯಾ, ಕ್ಲಿಪ್ ಸಡಿಲ ಆಗಿದ್ಯಾ. ಮೀಟರಲ್ಲಿ ಹೊಸ ಸಿಆರ್2032 (ಮಾಮೂಲಿ ಬಟನ್ ಶೆಲ್) 3 ವೋಲ್ಟ್ ಮೇಲೆ ತೋರಿಸತ್ತೆ, 2.5ಕ್ಕೆ ಇಳಿದಿದ್ರೆ ಬದಲಾಯಿಸಿ.

ಇಲ್ಲೇ ಒಂದು ಅಪಾಯದ ವಿಷಯ ಇದೆ, ಸ್ವಲ್ಪ ಗಮನ ಕೊಡಿ. ನೀಲಿ ಬಣ್ಣದ ಝಡ್‌ಎಸ್-042 ಅಂತ ಬರೆದಿರೋ ಡಿಎಸ್3231 ಮಾಡ್ಯೂಲಲ್ಲಿ ಶೆಲ್ ಚಾರ್ಜ್ ಮಾಡೋ ಸರ್ಕ್ಯೂಟ್ ಇರತ್ತೆ, ಎಲ್‌ಐಆರ್2032 ಅನ್ನೋ ರೀಚಾರ್ಜ್ ಆಗೋ ಶೆಲ್‌ಗೆ ಅಂತ ಮಾಡಿದ್ದು. ನಾವು ಅಂಗಡೀಲಿ ತರೋ ಸಿಆರ್2032 ರೀಚಾರ್ಜ್ ಮಾಡೋ ಶೆಲ್ ಅಲ್ವೇ ಅಲ್ಲ. ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟಾಗ ಅದಕ್ಕೂ ಚಾರ್ಜ್ ನುಗ್ಗತ್ತೆ, ಶೆಲ್ ಉಬ್ಬಬಹುದು, ಸೋರಬಹುದು, ಸಿಡಿಯಲೂಬಹುದು. ಮಾಡ್ಯೂಲ್ ಮೇಲೆ ಸಣ್ಣ ಗಾಜಿನ ಡಯೋಡ್, ಅದರ ಪಕ್ಕ 201 ಅಂತ ಬರೆದಿರೋ ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್ ಇರತ್ತೆ, ಅಂದ್ರೆ 200 ಓಮ್. ಆ ರೆಸಿಸ್ಟರ್ ತೆಗೆಸಿಬಿಟ್ರೆ ಚಾರ್ಜಿಂಗ್ ನಿಲ್ಲತ್ತೆ, ಮಾಮೂಲಿ ಸಿಆರ್2032 ಹಾಕಿ ವರ್ಷಗಟ್ಟಲೆ ನಿಶ್ಚಿಂತೆಯಾಗಿರಬಹುದು. ತೆಗೆಯೋ ಮುಂಚೆ ಶೆಲ್ ಹೊರಗಿರಲಿ. ಈಗಾಗ್ಲೇ ಉಬ್ಬಿರೋ, ಒದ್ದೆಯಾಗಿರೋ ಶೆಲ್ ಕಂಡ್ರೆ ಮೀಟರ್ ಗೀಟರ್ ಬೇಡ. ಪವರ್ ಕಿತ್ತು, ಬರಿಗೈಯಲ್ಲಿ ಮುಟ್ಟದೆ ತೆಗೆದು, ಎರಡೂ ಬದಿಗೆ ಟೇಪ್ ಸುತ್ತಿ ಇ-ವೇಸ್ಟಿಗೆ ಕೊಡಿ.

ಇನ್ನೊಂದು ಥರ, ಟೈಮ್ ಸರಿಯಾಗೇ ಉಳೀತು, ಅಲಾರಂ ಮಾತ್ರ ನೀವು ಇಟ್ಟಿದ್ದು ಹೋಗಿ 6:00ಕ್ಕೆ ವಾಪಸ್ ಬಂತು. ಅಲಾರಂ ಟೈಮನ್ನ ಬರೀ ವೇರಿಯಬಲಲ್ಲಿ ಇಟ್ಟಿದೀರ, ಕರೆಂಟ್ ಹೋದ್ರೆ ಅದೂ ಹೋಗತ್ತೆ. ಈಪ್ರಾಮ್‌ಗೆ (ಕರೆಂಟ್ ಹೋದ್ರೂ ಅಳಿಸದ ಮೆಮೊರಿ) ಬರೀರಿ. ಹಂಗೆ ಕೋಡ್ ತಿದ್ದಿದ ಮೇಲೆ ಮೊದಲ ಸಲ 255:255 ತೋರಿಸಿದ್ರೆ ಹೆದರಬೇಡಿ, ಖಾಲಿ ಈಪ್ರಾಮ್ ಓದಿದ್ರೆ 255 ಬರೋದು, ಗಂಟೆ 23ಕ್ಕಿಂತ ಜಾಸ್ತಿ ಇದ್ರೆ 6:00 ಅಂತ ತಗೋ ಅಂತ ಬರೀರಿ. ಆದ್ರೆ ಲೂಪಲ್ಲಿ (ಕೋಡಲ್ಲಿ ಮತ್ತೆ ಮತ್ತೆ ಓಡ್ತಾನೇ ಇರೋ ಭಾಗ) ಪ್ರತಿ ಸುತ್ತೂ ಈಪ್ರಾಮ್‌ಗೆ ಬರೀಬೇಡಿ, ಅದಕ್ಕೆ ಸುಮಾರು 1 ಲಕ್ಷ ಸಲದ ಆಯಸ್ಸು, ಬಟನ್ ಒತ್ತಿ ಸೇವ್ ಮಾಡಿದಾಗ ಮಾತ್ರ ಬರೀರಿ.

ದಿನೇ ದಿನೇ ಮುಂದೆ ಓಡತ್ತೆ ಅಥವಾ ಹಿಂದೆ ಬೀಳತ್ತೆ

ಎಷ್ಟು ಅಂತ ಅಳೀರಿ. ಇವತ್ತು ಫೋನ್ ಟೈಮಿಗೆ ಹೊಂದಿಸಿ, ನಾಳೆ ಅದೇ ಹೊತ್ತಿಗೆ ನೋಡಿ.

ದಿನಕ್ಕೆ ನಿಮಿಷಗಳ ಲೆಕ್ಕದಲ್ಲಿ ತಪ್ಪಿದ್ರೆ ನೀವು ಆರ್‌ಟಿಸಿಯಿಂದ ಟೈಮ್ ಓದ್ತಾನೇ ಇಲ್ಲ, ಡಿಲೇ 1000 (1000 ಮಿಲಿಸೆಕೆಂಡ್ ಕಾಯಿ ಅನ್ನೋ ಆಜ್ಞೆ) ಕೊಟ್ಟು ಸೆಕೆಂಡ್ ಎಣಿಸ್ತಿದೀರ, ಅಥವಾ ಒಂದ್ಸಲ ಓದಿ ಆಮೇಲೆ ನೀವೇ ಕೂಡಿಸ್ತಿದೀರ. ಡಿಲೇ ಒಂದು ಸೆಕೆಂಡ್ ಅಂದ್ರೂ ಡಿಸ್ಪ್ಲೇಗೆ ಬರೆಯೋ ಹೊತ್ತು ಅದರ ಮೇಲೆ ಸೇರತ್ತೆ, ಹಂಗಾಗಿ ಹಿಂದೆ ಬೀಳತ್ತೆ. ಮಿಲ್ಲಿಸ್ (ಬೋರ್ಡ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋ ಲೆಕ್ಕ) ಬಳಸಿದ್ರೂ ಪೂರ್ತಿ ಬಚಾವ್ ಇಲ್ಲ, ಊನೋದ ಮುಖ್ಯ ಚಿಪ್ಪಿಗಿರೋದು ಸೆರಾಮಿಕ್ ರೆಸೊನೇಟರ್ (ಚಿಪ್ಪಿಗೆ ತಾಳ ಕೊಡೋ ಬಿಡಿಭಾಗ), ಅದು ಶೇಕಡ 0.5 ತಪ್ಪಿದ್ರೂ ದಿನಕ್ಕೆ 7 ನಿಮಿಷ. ಯುಎಸ್‌ಬಿ ಹತ್ರ ಹೊಳೀತಿರೋ ಕ್ರಿಸ್ಟಲ್ ಯುಎಸ್‌ಬಿ ಚಿಪ್ಪಿಗೆ ಸೇರಿದ್ದು, ಅದನ್ನ ನೋಡಿ ಮೋಸ ಹೋಗಬೇಡಿ.

ತಿಂಗಳಿಗೆ ಒಂದು ನಿಮಿಷದ ಆಸುಪಾಸು ಅಂದ್ರೆ ಡಿಎಸ್1307, ಅದರ ಹಣೇಬರಹನೇ ಅಷ್ಟು, ಹೊರಗಿನ ಕ್ರಿಸ್ಟಲ್ ಬಿಸಿಲು ಚಳಿಗೆ ಬದಲಾಗತ್ತೆ. ಡಿಎಸ್3231 ಒಳಗೆ ಉಷ್ಣಾಂಶ ನೋಡ್ಕೊಂಡು ತಾನೇ ತಿದ್ಕೊಳ್ಳೋದ್ರಿಂದ ವರ್ಷಕ್ಕೆ ಒಂದು ನಿಮಿಷದ ಒಳಗೆ-ಹೊರಗೆ ಇರತ್ತೆ. ಕೊನೇಲಿ ಎಂ ಅಂತ ಇರೋ ಡಿಎಸ್3231ಎಂ ಬಂದಿದ್ರೆ ಎರಡೂವರೆ ನಿಮಿಷದ ತನಕ ಹೋಗಬಹುದು, ಅದೂ ಸಾಕಷ್ಟಾಯ್ತು. ಹೊಸದು ತಗೊಳ್ಳೋದಾದ್ರೆ 1307 ಬಿಟ್ಟು 3231 ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಅಲಾರಂ ಹೊಡೀಲೇ ಇಲ್ಲ, ಅಥವಾ ನಿಲ್ಲಿಸಿದ್ರೂ ನಿಲ್ತಿಲ್ಲ

ಮೊದಲು ಬಝರ್ ತಪ್ಪಾ ಕೋಡ್ ತಪ್ಪಾ ಬೇರೆ ಮಾಡಿ. ಬಝರಿನ ಪ್ಲಸ್ ಕಾಲನ್ನ ಪಿನ್ನಿಂದ ಕಿತ್ತು 100 ಓಮ್ ರೆಸಿಸ್ಟರ್ ಮೂಲಕ ಒಂದು ಕ್ಷಣ 5 ವೋಲ್ಟಿಗೆ ಮುಟ್ಟಿಸಿ. ಕೀಂ ಅಂದ್ರೆ ಅದು ಆಕ್ಟಿವ್ ಬಝರ್, ಪಿನ್ ಹೈ (5 ವೋಲ್ಟ್) ಮಾಡಿದ್ರೆ ಸಾಕು. "ಟಿಕ್" ಅಂತ ಒಂದೇ ಸಲ ಅಂದು ಸುಮ್ನಾದ್ರೆ ಪ್ಯಾಸಿವ್, ಅದಕ್ಕೆ ಟೋನ್ ಅನ್ನೋ ಆಜ್ಞೆ ಬಳಸಿನೇ ಹೊಡೆಸಬೇಕು. ಏನೂ ಇಲ್ಲ ಅಂದ್ರೆ ತಿರುಗಿಸಿ ನೋಡಿ, ಆಗಲೂ ಇಲ್ಲ ಅಂದ್ರೆ ಹೊಸದು ತನ್ನಿ. ಮೂರು ಕಾಲಿನ ಬಝರ್ ಮಾಡ್ಯೂಲ್ ಆನ್ ಮಾಡಿದ ತಕ್ಷಣ ಕಿರುಚಕ್ಕೆ ಶುರು ಮಾಡಿದ್ರೆ ಅದು ಉಲ್ಟಾ ಲೆಕ್ಕದ್ದು, ಪಿನ್ ಲೋ (ಸೊನ್ನೆ ವೋಲ್ಟ್) ಆದಾಗ ಹೊಡಿಯೋದು.

ಬಝರ್ ಸರಿ, ಆದ್ರೆ ಕೆಲವು ದಿನ ಹೊಡಿಯತ್ತೆ, ಕೆಲವು ದಿನ ಇಲ್ಲ. ಈ "ಕೆಲವು ದಿನ" ಅನ್ನೋದೇ ಸುಳಿವು. ಗಂಟೆ 6, ನಿಮಿಷ 0, ಸೆಕೆಂಡ್ 0 ಅಂತ ಮೂರೂ ಕೂಡಿದ್ರೆ ಹೊಡಿ ಅಂತ ಬರೆದಿರ್ತೀರ, ಲೂಪಲ್ಲಿ ಡಿಲೇ 1000 ಇರತ್ತೆ. ಲೂಪ್ ಒಂದು ಸುತ್ತು ಬರಕ್ಕೆ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಬೇಕು, ಯಾವತ್ತೋ ಒಂದಿನ 5:59:59 ನೋಡಿ ಮುಂದಿನ ಸಲ ಕಣ್ಣು ಬಿಟ್ಟಾಗ 6:00:01 ಆಗಿರತ್ತೆ, ಸೊನ್ನೆ ಕೈತಪ್ಪಿಹೋಯ್ತು. ಸೆಕೆಂಡ್ ಬಿಟ್ಟು ಬರೀ ಗಂಟೆ-ನಿಮಿಷ ಹೋಲಿಸಿ.

ಹಂಗೆ ಮಾಡಿದ ಕೂಡ್ಲೇ ಎದುರು ಕಾಯಿಲೆ ಬರತ್ತೆ, ಬಟನ್ ಒತ್ತಿ ನಿಲ್ಲಿಸಿದ್ರೂ ತಕ್ಷಣ ಮತ್ತೆ ಹೊಡಿಯತ್ತೆ, ಯಾಕಂದ್ರೆ ಇನ್ನೂ 6:00 ಮುಗಿದಿಲ್ಲ. "ಈಗಾಗ್ಲೇ ಹೊಡೆದಾಯ್ತು" ಅಂತ ಒಂದು ಗುರುತು ಇಟ್ಕೊಂಡು, 6:01 ಆದಮೇಲೆ ಅದನ್ನ ಅಳಿಸಿ. ಬೆಳಗ್ಗೆ 6ಕ್ಕೆ ಹೊಡಿಯತ್ತೆ, ಸಂಜೆ 6ಕ್ಕೆ ಇಟ್ಟಿದ್ದು ಹೊಡಿಯಲ್ಲ ಅಂದ್ರೆ ಡಿಸ್ಪ್ಲೇ 12 ಗಂಟೆ ಲೆಕ್ಕ ತೋರಿಸ್ತಿದ್ರೂ ಲೈಬ್ರರಿ ಕೊಡೋದು 18, ಕೋಡಲ್ಲೂ 18 ಅಂತಲೇ ಹೋಲಿಸಿ. ದಿನವಿಡೀ ಯಾವಾಗ ನೋಡಿದ್ರೂ ಹೊಡೀತಾನೇ ಇದೆ ಅಂದ್ರೆ ಇಫ್ (ಹೀಗಿದ್ರೆ ಹೀಗೆ ಮಾಡು ಅನ್ನೋ ಸಾಲು) ಒಳಗೆ ಎರಡು ಈಕ್ವಲ್ (==) ಬದಲು ಒಂದೇ (=) ಹಾಕಿದೀರ, ನೋಡಿ.

ಪರೀಕ್ಷೆ ಮಾಡಕ್ಕೆ ಬೆಳಗ್ಗೆ ತನಕ ಕಾಯಬೇಡಿ, ಈಗಿನ ಟೈಮಿಗೆ ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು ಹತ್ತು ಸಲ ನೋಡಿ. ಪರೀಕ್ಷೆ ದಿನ, ಬಸ್ಸು ಹಿಡಿಯೋ ದಿನ ಮಾತ್ರ ಫೋನಲ್ಲೂ ಒಂದು ಅಲಾರಂ ಇರಲಿ.

ಅಲಾರಂ ಹೊಡೆದ ಕೂಡ್ಲೇ ಡಿಸ್ಪ್ಲೇ ಮಂಕಾಗತ್ತೆ ಅಥವಾ ಬೋರ್ಡೇ ರೀಸೆಟ್ ಆಗತ್ತೆ

ಪವರ್ ಸಾಲ್ತಿಲ್ಲ. ಚಾರ್ಜರ್ ಕೇಬಲ್ ಬದಲಾಯಿಸಿ ನೋಡಿ ಮೊದಲು. ಆಮೇಲೆ ಬಝರ್ ಎಲ್ಲಿಂದ ಕರೆಂಟ್ ಎಳೀತಿದೆ ನೋಡಿ, ಆರ್ಡುಯಿನೋ ಪಿನ್ನಿಂದ 20 ಮಿಲಿಆಂಪ್ ತನಕ ಆರಾಮಾಗಿ ತಗೋಬಹುದು, 40 ಅನ್ನೋದು ಚಿಪ್ಪಿನ ಕೊನೇ ಮಿತಿ. ಜೋರಾಗಿ ಕೂಗೋ ಬಝರ್ ಇಷ್ಟಕ್ಕೆ ಒಪ್ಪಲ್ಲ. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ, ಬೇಸ್ ಕಾಲಿಗೆ 1ಕೆ ರೆಸಿಸ್ಟರ್ ಮೂಲಕ ಪಿನ್, ಎಮಿಟರ್ ಗ್ರೌಂಡಿಗೆ, ಬಝರ್ 5 ವೋಲ್ಟಿಗೂ ಕಲೆಕ್ಟರಿಗೂ ನಡುವೆ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಕೊಂಡ್ರೆ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರಿನ ಟ್ರಾನ್ಸಿಸ್ಟರ್ ಆದ್ರೆ ಕಾಲಿನ ಕ್ರಮ ಬೇರೆ ಇರಬಹುದು, ನೋಡ್ಕೊಂಡು ಹಾಕಿ.

ಬಟನ್ ಒಂದು ಸಲ ಒತ್ತಿದ್ರೆ ಮೂರು ಗಂಟೆ ಹಾರತ್ತೆ

ಒಳಗಿನ ತಗಡು ಕೂರೋ ಮುಂಚೆ ಕೆಲವು ಮಿಲಿಸೆಕೆಂಡ್ ಕುಣಿಯತ್ತೆ, ಆರ್ಡುಯಿನೋ ಅದನ್ನೆಲ್ಲ ಒಂದೊಂದು ಒತ್ತು ಅಂತ ಎಣಿಸತ್ತೆ. ಒಂದು ಒತ್ತು ಕಂಡಮೇಲೆ 50 ಮಿಲಿಸೆಕೆಂಡ್ ಕಿವಿ ಮುಚ್ಕೋ ಅಂತ ಕೋಡಲ್ಲಿ ಹೇಳಿ.

ಒತ್ತದೇ ಹಾರಿದ್ರೆ, ಕೈ ಹತ್ರ ತಂದ್ರೇ ಬದಲಾಗಿಬಿಟ್ರೆ ಪಿನ್ ಹೈಗೂ ಲೋಗೂ ನಡುವೆ ತೂಗಾಡ್ತಿದೆ, ಕೋಡಲ್ಲಿ ಆ ಪಿನ್ನಿಗೆ, ಇನ್‌ಪುಟ್ ಪುಲ್‌ಅಪ್ ಅಂತ ಹಾಕಿ. ಹಾಕಿದಮೇಲೆ (ಬಟನ್ನಿನ ಇನ್ನೊಂದು ಕಾಲು ಗ್ರೌಂಡಿಗೆ ಹೋಗಿರಬೇಕು) ಒತ್ತಿದಾಗ ಲೋ ಬರತ್ತೆ, ಹೈ ಅಲ್ಲ, ಇಫ್‌ನಲ್ಲಿ ಅದನ್ನೂ ತಿರುಗಿಸಿ. ಸದಾ ಒತ್ತಿದ ಹಾಗೇ ಇದ್ರೆ ಬಟನ್ ತಿರುಗಿಸಿ ಕೂರಿಸಿದೀರ. ನಾಲ್ಕು ಕಾಲಲ್ಲಿ ಎರಡೆರಡು ಒಳಗೇ ಜೋಡಿ, ಯಾವುದು ಯಾವುದರ ಜೋಡಿ ಅಂತ ಹುಡುಕೋ ಬದಲು ಮೂಲೆಯಿಂದ ಎದುರು ಮೂಲೆಗೆ ವೈರ್ ಕೊಟ್ರೆ ಯಾವತ್ತೂ ತಪ್ಪಲ್ಲ.

ದಿನಗಟ್ಟಲೆ ಚೆನ್ನಾಗಿ ಓಡಿ ಇದ್ದಕ್ಕಿದ್ದಂಗೆ ನಿಂತುಹೋಗತ್ತೆ

ಇದು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೇ ಕೊನೇಲಿಟ್ಟೆ. ನಿಂತುಹೋದ ಟೈಮ್ ಬರ್ಕೊಳ್ಳಿ. ಆನ್ ಮಾಡಿ 32 ಸೆಕೆಂಡ್ ಆದಮೇಲೆ ಪ್ರತಿ ಸಲ ಎಡವಟ್ಟಾದ್ರೆ ಮಿಲ್ಲಿಸ್ ಬೆಲೆನ ಇಂಟ್ ಅನ್ನೋ ಸಣ್ಣ ವೇರಿಯಬಲ್ ಒಳಗೆ ಇಟ್ಟಿದೀರ, ಅದರಲ್ಲಿ ಹಿಡಿಯೋದು 32,767 ತನಕ ಮಾತ್ರ. ಅದನ್ನ ಅನ್‌ಸೈನ್ಡ್ ಲಾಂಗ್ (ದೊಡ್ಡ ವೇರಿಯಬಲ್) ಮಾಡಿ. ಸುಮಾರು 49 ದಿನ 17 ಗಂಟೆಗೆ ಕೆಟ್ರೆ ಮಿಲ್ಲಿಸ್ ಸೊನ್ನೆಗೆ ಬಂದಿದೆ, "ಈಗಿನದು ಮೈನಸ್ ಹಿಂದಿನದು" ಅಂತ ಕಳೆದು ಹೋಲಿಸಿದ್ರೆ ಏನೂ ಆಗಲ್ಲ, ಕೂಡಿಸಿ ಹೋಲಿಸಿದ್ರೆ ಆಗತ್ತೆ.

ಹೊತ್ತುಗೊತ್ತಿಲ್ಲದೆ ನಿಂತ್ರೆ, ಅದೂ ಮನೇಲಿ ಮಿಕ್ಸಿ ಹಾಕಿದಾಗ, ಪಂಪ್ ಆನ್ ಮಾಡಿದಾಗ ನಿಂತ್ರೆ, ಐ2ಸಿ ವೈರ್ ಉದ್ದ ಆಗಿದೆ. ಒಂದು ಗೇಣಿನ ಒಳಗೆ ತನ್ನಿ, ಚಾರ್ಜರನ್ನ ಬೇರೆ ಪಾಯಿಂಟಿಗೆ ಹಾಕಿ. ಐ2ಸಿಗೆ ಬಳಸೋ ವೈರ್ ಅನ್ನೋ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಟೈಮೌಟ್ ಅಂತ ಒಂದು ಸೌಲಭ್ಯ ಇದೆ, ಉತ್ತರಕ್ಕೆ ಕಾದು ಕಾದು ಹೆಣವಾಗೋ ಬದಲು ಬಿಟ್ಟು ಮುಂದೆ ಹೋಗತ್ತೆ, ಅದನ್ನ ಆನ್ ಮಾಡಿ. ವಾಚ್‌ಡಾಗ್ (ಬೋರ್ಡ್ ನಿಂತುಹೋದ್ರೆ ತಾನೇ ರೀಸೆಟ್ ಮಾಡೋ ಕಾವಲು) ಹಾಕಿ ಅಂತ ಕೆಲವರು ಹೇಳ್ತಾರೆ, ಆದ್ರೆ ಹಳೇ ಬೂಟ್‌ಲೋಡರ್ ಇರೋ ನ್ಯಾನೋದಲ್ಲಿ ಅದು ಒಂದ್ಸಲ ರೀಸೆಟ್ ಆದಮೇಲೆ ರೀಸೆಟ್ ಆಗ್ತಾನೇ ಕೂತ್ಕೊಳ್ಳತ್ತೆ, ಹೊಸಬರು ಆ ಗೋಜಿಗೆ ಹೋಗದೇ ಇರೋದು ವಾಸಿ.

ಎರಡು ಸಂಜೆ ಇದರಲ್ಲೇ ಕಳೆದ್ರೂ ಸಿಗಲಿಲ್ಲ ಅಂದ್ರೆ ಗೊತ್ತಿರೋರ ಹತ್ರ ತಗೊಂಡು ಹೋಗಿ, ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇದ್ರೆ ಇನ್ನೂ ಒಳ್ಳೇದು. ಹೋಗುವಾಗ ಮೊದಲು ತೆಗೆದ ಎರಡು ಫೋಟೋ, ಸ್ಕ್ಯಾನರ್ ತೋರಿಸಿದ ನಂಬರುಗಳು, ಪೂರ್ತಿ ಕೋಡು, ಮತ್ತೆ ಎಷ್ಟು ಗಂಟೆಗೆ ಏನು ತೋರಿಸ್ತು ಅಂತ ಬರ್ಕೊಂಡ ಚೀಟಿ ಜೊತೆಗಿರಲಿ. ಅಕ್ಕನ ಮಗ ಈಗ ಆ ಚಪ್ಪಲಿ ಡಬ್ಬಿ ಮೇಲೇ ಪೆನ್ಸಿಲಲ್ಲಿ ಬರೆದಿಡ್ತಾನೆ. ಹೋದ ವಾರ ನೋಡಿದಾಗ ಕೊನೇ ಸಾಲು "ಮಂಗಳವಾರ, 59 ಆದ್ಮೇಲೆ 09, ನಾನೇ ಸರಿ ಮಾಡ್ದೆ" ಅಂತಿತ್ತು.